ಲಾಳದಕ್ಕನ ಫೋಟೋಗಳಲ್ಲಿ ಕುದುರೆಗೆ ತಲೆಯೇ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಾರಿ ಶಾಲೆಯ ಲಾಯದ ಹಿಂದೆ, ತಗಡಿನ ಚಾವಣಿಯ ಕೆಳಗೆ, ಕುಲುಮೆಯ ಕೆಂಡವಷ್ಟೇ ಕಣ್ಣಿಗೆ ಕಾಣುತ್ತಿದೆ. ಅದರ ಪಕ್ಕದಲ್ಲಿ ಕಂದು ಕುದುರೆಯೊಂದು ನಿಂತಲ್ಲೇ ತೂಕಡಿಸುತ್ತಿದೆ. ಅದರ ಒಂದು ಹಿಂಗಾಲು ಐವತ್ತು ದಾಟಿದ ಹೆಂಗಸೊಬ್ಬರ ತೊಡೆಗಳ ನಡುವೆ ಇದೆ. ಅವರು ಬೆನ್ನು ಬಾಗಿಸಿ ಗೊರಸಿಗೆ ಅರ ಹಾಕಿ ಉಜ್ಜುತ್ತಿದ್ದಾರೆ. ತುಟಿಗಳ ನಡುವೆ ನಾಲ್ಕೈದು ಮೊಳೆ. ಬಲ ಮಂಡಿಗೆ ಹೂವಿನ ಬಟ್ಟೆಯ ಪುಟ್ಟ ದಿಂಬೊಂದನ್ನು ಕಟ್ಟಿಕೊಂಡಿದ್ದಾರೆ, ಅದರ ಕಥೆ ಮುಂದೆ ಬರುತ್ತದೆ. ಕಾದ ಲಾಳವನ್ನು ಇಕ್ಕಳದಲ್ಲಿ ಹಿಡಿದು ಗೊರಸಿಗೆ ಒತ್ತಿದಾಗ ಸುಟ್ಟ ಕೂದಲಿನ ವಾಸನೆಯ ಹೊಗೆ ಗಪ್ಪೆಂದು ಏಳುತ್ತದೆ. ಹೊಸಬರು ಮೂಗು ಮುಚ್ಚಿಕೊಂಡು ಅಯ್ಯೋ ಪಾಪ ಎನ್ನುತ್ತಾರೆ. ಗೊರಸು ನಮ್ಮ ಉಗುರಿನ ಹಾಗೆ, ಸುಟ್ಟರೂ ಕುದುರೆಗೆ ಗೊತ್ತಾಗುವುದಿಲ್ಲ. ಅದು ತೂಕಡಿಕೆ ಮುಂದುವರಿಸುತ್ತದೆ.

ಇವರನ್ನು ಎಲ್ಲರೂ ಲಾಳದಕ್ಕ ಎಂದೇ ಕರೆಯುತ್ತಾರೆ. ಶಾಲೆಯ ಕುದುರೆಗಳಿಗೂ ಸುತ್ತಮುತ್ತಲಿನ ಗಾಡಿ ಕುದುರೆಗಳಿಗೂ ಲಾಳ ಕಟ್ಟುವವರು ಇವರೊಬ್ಬರೇ. ಮೈದಾನದಲ್ಲಿ ಮಕ್ಕಳು ಕುದುರೆ ಹತ್ತಿ ಅಡ್ಡಗಂಬ ಹಾರಿದರೆ ಚಪ್ಪಾಳೆ ಸವಾರರಿಗೆ ಸಲ್ಲುತ್ತದೆ, ಮಿಕ್ಕಿದ್ದು ಮೇಷ್ಟ್ರಿಗೆ, ಅದರಲ್ಲೂ ಮಿಕ್ಕಿದ್ದು ಕುದುರೆಗೆ. ಕುದುರೆಯ ಕಾಲ ಕೆಳಗಿನ ಕಬ್ಬಿಣದವರೆಗೆ ಚಪ್ಪಾಳೆ ಇಳಿಯುವುದೇ ಇಲ್ಲ. ಲಾಳದಕ್ಕನಿಗೆ ಅದರ ಬಗ್ಗೆ ಬೇಸರವೂ ಇಲ್ಲ.

"ಲಾಳ ಯಾರಿಗಾದ್ರೂ ನೆನಪಾಯ್ತು ಅಂದ್ರೆ ಅದು ಕಳಚಿಕೊಂಡಿದೆ ಅಂತಲೇ ಲೆಕ್ಕ. ಯಾರೂ ನನ್ನ ಕೇಳ್ದೇ ಇದ್ರೆ ಕೆಲಸ ಸರಿಯಾಗಿದೆ ಅಂತ ನಾನು ನೆಮ್ಮದಿಯಾಗಿ ಊಟ ಮಾಡ್ತೀನಿ."

ಹಿಂದಿನ ಗೋಡೆಗೆ ಸಾಲಾಗಿ ಗೂಟ ಹೊಡೆದಿದ್ದಾರೆ. ಸುತ್ತಿಗೆ, ಇಕ್ಕಳ, ಗೊರಸು ಕತ್ತರಿಸುವ ಕತ್ತಿ, ಅರ. ಅದೇ ಸಾಲಿನ ಕೊನೆಯ ಗೂಟದಲ್ಲಿ, ಮೂಲೆಗಳಲ್ಲಿ ಬಣ್ಣ ಹೋದ, ತೂಕದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದು ನೇತಾಡುತ್ತಿದೆ. ಅದಕ್ಕೆ ಮೊಳಕೈಯುದ್ದದ ಲೆನ್ಸು. ಇದ್ಯಾಕೆ ಇಲ್ಲಿ ಎಂದು ಕೇಳಿದರೆ ಲಾಳದಕ್ಕ ಬಾಯಿಯ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಮೊಳೆ ಹೊರಗೆ ಬಂತೆಂದರೆ ಮಾತು ಉದ್ದವಾಗಲಿದೆ ಎಂದು ಅರ್ಥ.

"ಅದರ ಸುದ್ದಿ ತೆಗೀಬೇಡಿ. ಈ ಮೂವತ್ತು ವರ್ಷದಲ್ಲಿ ಕುದುರೆ ಒದ್ದು ಪಕ್ಕೆಲುಬು ಮುರಿದಿದೆ, ಹೆಬ್ಬೆರಳು ಜಜ್ಜಿದೆ. ಆದ್ರೆ ಒಂದು ಕ್ಯಾಮೆರಾ ಆರಿಸೋದರಲ್ಲಿ ಸುಸ್ತಾದಷ್ಟು ನಾನು ಯಾವತ್ತೂ ಸುಸ್ತಾಗಿರಲಿಲ್ಲ."

ಈ ಕೆಲಸ ಮನೆಯಲ್ಲಿ ಅವರಿಗೆ ಬರಬೇಕಾದದ್ದೇ ಅಲ್ಲ. ಅಪ್ಪ ಲಾಳ ಕಟ್ಟುತ್ತಿದ್ದರು, ಸುತ್ತಿಗೆ ತಮ್ಮನ ಕೈಗೆ ಹೋಗಬೇಕಿತ್ತು. ತಮ್ಮ ಕುದುರೆ ಕಂಡರೆ ಹೆದರಿ ಗೋಡೆ ಹತ್ತುತ್ತಿದ್ದ. ಅವನು ಕ್ಯಾಮೆರಾ ಹಿಡಿದು ಸಭೆ ಸಮಾರಂಭಗಳ ಫೋಟೋಗ್ರಾಫರ್ ಆದ. ಬೇರೆ ದಾರಿ ಕಾಣದೆ ಅಪ್ಪ ಮಗಳಿಗೆ ಕಲಿಸಿದರು. ಶುರುವಿನಲ್ಲಿ ಹೆಂಗಸು ಎಂದು ನೋಡಿ ಕುದುರೆ ತಿರುಗಿಸಿಕೊಂಡು ಹೋದವರೂ ಇದ್ದರು. ಅಂಥವರಲ್ಲಿ ಕೆಲವರು ಆಮೇಲೆ ಕುಂಟುವ ಕುದುರೆಯೊಂದಿಗೆ ವಾಪಸ್ ಬಂದರು. ಅದನ್ನು ಹೇಳುವಾಗ ಮಾತ್ರ ಲಾಳದಕ್ಕನ ಮುಖದಲ್ಲಿ ಸ್ವಲ್ಪ ಖುಷಿ ಕಾಣುತ್ತದೆ.

ಮದುವೆಯಾದದ್ದು ಟೈಲರ್ ಒಬ್ಬರನ್ನು. ಅವರಿಗೂ ಕುದುರೆ ಕಂಡರೆ ಭಯ. "ಇಡೀ ಮನೆತನದಲ್ಲಿ ಧೈರ್ಯ ನನಗೊಬ್ಬಳಿಗೇ ಹಂಚಿಬಿಟ್ರು," ಎಂದು ಲಾಳದಕ್ಕ ಗೊಣಗುತ್ತಾರೆ. ಗಂಡನ ದೂರು ಬೇರೆ. ಹೆಂಡತಿಯ ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತ್ರ ತಮಗೆ ಶಾಂತಿ, ಆದರೆ ಮನೆಗೆ ಬರುವಾಗ ಮೊಳೆಗಳನ್ನು ಲಾಯದಲ್ಲೇ ಬಿಟ್ಟು ಬರುತ್ತಾಳೆ ಎನ್ನುತ್ತಾರೆ ಅವರು.

ಕ್ಯಾಮೆರಾದ ತಲೆನೋವು ಶುರುವಾದದ್ದು ಕಳೆದ ವರ್ಷ, ದೊರೆಸಾನಿಯಿಂದ.

ದೊರೆಸಾನಿ ಶಾಲೆಯ ಹೆಣ್ಣುಕುದುರೆ. ಬೂದು ಮೈ, ನೀಳ ಕಾಲು, ಯಾರ ಮಾತಿಗೂ ಸೊಪ್ಪು ಹಾಕದ ಸ್ವಭಾವ, ಅದಕ್ಕೇ ಆ ಹೆಸರು. ಎತ್ತರದ ಅಡ್ಡಗಂಬ ಹಾರುವವಳು ಅವಳೊಬ್ಬಳೇ. ಅಂಥವಳು ಇದ್ದಕ್ಕಿದ್ದಂತೆ ಕಂಬದ ಮುಂದೆ ಬಂದು ನಿಂತುಬಿಡತೊಡಗಿದಳು. ಓಡುವಾಗ ಹೆಜ್ಜೆಯ ನಡುವೆ ಎಲ್ಲೋ ಒಂದು ಕಡೆ ತಡವರಿಸುತ್ತಿದ್ದಳು. ಡಾಕ್ಟರು ಬಂದರು, ಎಕ್ಸ್‌ರೇ ತೆಗೆದರು, ಮೂಳೆ ಚೆನ್ನಾಗಿದೆ ಎಂದರು. ನಡೆಸಿ ನೋಡಿದರು, ನಡಿಗೆಯಲ್ಲೂ ಏನೂ ಇಲ್ಲ. "ಏನೋ ಆಗ್ತಿರೋದು ಓಟದಲ್ಲಿ, ಅಕ್ಕ. ಗೊರಸು ನೆಲ ಮುಟ್ಟೋ ಹೊತ್ತಲ್ಲಿ. ಅದು ನನ್ನ ಕಣ್ಣಿಗೆ ಸಿಗ್ತಿಲ್ಲ," ಎಂದು ನೇರವಾಗಿ ಹೇಳಿದರು.

ಸವಾರಿ ಮೇಷ್ಟ್ರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವರು ಕೆಟ್ಟವರಲ್ಲ, ಶಾಲೆ ನಡೆಸುವವರು. ಹಾರದ ಕುದುರೆಗೂ ಹಾರುವ ಕುದುರೆಯಷ್ಟೇ ಹುಲ್ಲು ಬೇಕು. "ವಯಸ್ಸಾಯ್ತು ಬಿಡಿ," ಎಂದರು ಒಂದು ದಿನ. ಇನ್ನೊಂದು ದಿನ, "ಇಲ್ಲಾ ಲಾಳದ್ದೇ ಏನೋ ಇರ್ಬೇಕು," ಎಂದರು. ಆ ಮಾತಿಗೆ ಲಾಳದಕ್ಕ ಸುತ್ತಿಗೆ ಎತ್ತಿ ಕುಲುಮೆಯ ಅಡಿಗಲ್ಲಿನ ಮೇಲೆ ಠಣ್ಣೆಂದು ಇಟ್ಟರು.

"ಜೀನು ನೋಡಿ, ಮರಳು ನೋಡಿ, ಮೇಲೆ ಕೂತಿರೋ ಮಕ್ಕಳನ್ನ ನೋಡಿ. ನನ್ನ ಲಾಳದಲ್ಲಿ ತಪ್ಪಿದೆ ಅಂತ ಯಾರಾದ್ರೂ ತೋರಿಸಿದ್ರೆ ಅವತ್ತೇ ಈ ಸುತ್ತಿಗೆ ಕೆಳಗಿಡ್ತೀನಿ."

ಲಾಯದಲ್ಲಿದ್ದ ಎಲ್ಲರೂ ಈ ಮಾತನ್ನು ಕೇಳಿಸಿಕೊಂಡರು. ಆಮೇಲೆ ಗೊತ್ತಾಯಿತು, ಇಟ್ಟಿಗೆ ಭಟ್ಟಿಯವನೊಬ್ಬ ತಿಂಗಳ ಕೊನೆಗೆ ದೊರೆಸಾನಿಯನ್ನು ಕೊಳ್ಳಲೆಂದು ನೋಡಲು ಬರುತ್ತಾನೆ ಎಂದು. ಭಟ್ಟಿಯಲ್ಲಿ ಕುದುರೆಯ ಕೆಲಸ ಇಟ್ಟಿಗೆ ಎಳೆಯುವುದು. ಅಲ್ಲಿಗೆ ಹೋದ ಕುದುರೆಗಳ ಕಾಲನ್ನು ಲಾಳದಕ್ಕ ನೋಡಿದ್ದಾರೆ. ಅದರ ಬಗ್ಗೆ ಮಾತಾಡಲು ಈಗಲೂ ಅವರಿಗೆ ಇಷ್ಟವಿಲ್ಲ.

ಹಾಗಾಗಿ ಓಟದ ನಡುವೆ ಗೊರಸು ನೆಲ ಮುಟ್ಟುವ ಆ ಕ್ಷಣವನ್ನು ನಿಲ್ಲಿಸಿ ನೋಡಲೇಬೇಕಿತ್ತು. ಗಂಡನ ಮೊಬೈಲಿನಲ್ಲಿ ತೆಗೆದರು. ಬೆಳಗಿನ ಮಬ್ಬು ಬೆಳಕಿನಲ್ಲಿ ಕಾಲೆಲ್ಲ ಕಲಸಿಹೋಗಿ ಬೂದಿ ಚೆಲ್ಲಿದ ಹಾಗೆ ಕಂಡಿತು. ಓಡುವುದನ್ನು ಹಿಡಿಯಲು ಒಳ್ಳೆಯ ಕ್ಯಾಮೆರಾ ಬೇಕು, ಡಿಎಸ್‌ಎಲ್‌ಆರ್ ಆದರೆ ಒಳ್ಳೆಯದು ಎಂದು ತಮ್ಮ ಹೇಳಿದ. ಅಲ್ಲಿಗೆ ಮುಗಿಸಿದ್ದರೆ ಅವನ ಪುಣ್ಯ. ಅವನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಶುರು ಮಾಡಿದ. ಶಟರಿನ ವೇಗ ಹೆಚ್ಚಿಸಿದರೆ ಬೆಳಕು ಕಡಿಮೆ, ಬೆಳಕು ಹೆಚ್ಚಿಸಲು ಲೆನ್ಸಿನ ಕಿಂಡಿ ತೆರೆದರೆ ಹಿಂದಿನದು ಮಂಜು, ಎರಡೂ ಬೇಡವೆಂದರೆ ಚಿತ್ರದಲ್ಲಿ ಮರಳು ಮರಳು.

"ಒಂದನ್ನ ಎಳೆದ್ರೆ ಇನ್ನೊಂದು ಬಿಚ್ಚಿಕೊಳ್ಳುತ್ತೆ ಅಂತಾನೆ. ಅಪ್ಪ ನನಗೆ ಇಡೀ ವೃತ್ತಿ ಕಲಿಸಿದ್ದೇ ಇದಕ್ಕಿಂತ ಕಮ್ಮಿ ಮಾತಲ್ಲಿ," ಎನ್ನುತ್ತಾರೆ ಲಾಳದಕ್ಕ. ಕೊನೆಗೆ ತಮ್ಮ ತನ್ನ ಕ್ಯಾಮೆರಾದ ಕಂಪನಿಯದ್ದೇ ತೆಗೆದುಕೊಳ್ಳಲು ಹೇಳಿದ, ಆಗ ಅವನ ಲೆನ್ಸುಗಳನ್ನೂ ಬಳಸಬಹುದಂತೆ. ಹಾಗಾದರೆ ಒಂದು ಲೆನ್ಸು ಕೊಡು ಎಂದಾಗ, ಲಾಯದ ದೂಳು ಅದಕ್ಕೆ ಆಗುವುದಿಲ್ಲ ಅಕ್ಕ ಎಂದು ಜಾರಿಕೊಂಡ.

ಇತ್ತ ಟೈಲರ್ ಯಜಮಾನರು ಮಿಷನ್ ತುಳಿಯುತ್ತಲೇ ಮೊಬೈಲಿನಲ್ಲಿ ಕ್ಯಾಮೆರಾಗಳ ಬಗ್ಗೆ ಓದತೊಡಗಿದರು. ಓದಿದ್ದನ್ನೆಲ್ಲ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು. ಸೋಮವಾರ ಯಾವುದು ಒಳ್ಳೆಯದೋ ಬುಧವಾರ ಅದೇ ಕೆಟ್ಟದ್ದು. ಡಿಎಸ್‌ಎಲ್‌ಆರ್ ತರಹದ, ಒಳಗೆ ಕನ್ನಡಿ ಇರುವ ಕ್ಯಾಮೆರಾಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಕನ್ನಡಿ ಇಲ್ಲದ್ದು ಎಂದು ಒಬ್ಬ ಬರೆದಿದ್ದಾನೆ. ಅವನನ್ನು ಇನ್ನೊಬ್ಬ ವಾಚಾಮಗೋಚರ ಬೈದಿದ್ದಾನೆ. ಈ ಜಗಳದಲ್ಲಿ ಮೈಮರೆತು ಯಜಮಾನರು ಯಾರದೋ ಕೋಟಿಗೆ ಎರಡೂ ತೋಳು ಬಲಗೈಯದ್ದನ್ನೇ ಕತ್ತರಿಸಿಬಿಟ್ಟರು.

"ರೀ, ನಿಮಗೆ ಕ್ಯಾಮೆರಾ ಬೇಕಾ ನನಗೆ ಬೇಕಾ?"

"ನಿನಗೇ ಕಣೇ. ಅದಕ್ಕೇ ಓದ್ತಿರೋದು."

"ಹಾಗಾದ್ರೆ ಯಾವುದು ತಗೊಳ್ಳಲಿ ಹೇಳಿ."

"ಇನ್ನೂ ಓದ್ತಾ ಇದೀನಿ."

ಲಾಳದಕ್ಕ ಚಪ್ಪಲಿ ಮೆಟ್ಟಿಕೊಂಡು ಸೀದಾ ಕ್ಯಾಮೆರಾ ಅಂಗಡಿಗೆ ಹೋದರು. ಗಾಜಿನ ಕಪಾಟಿನ ಹಿಂದಿನಿಂದ ಅಂಗಡಿಯವರು ನಗುಮುಖದಲ್ಲಿ ಕೇಳಿದರು.

"ಏನು ತೆಗೀತೀರಮ್ಮ? ಮನೆಯವರ ಫೋಟೋನಾ, ಹೂವು ಹಕ್ಕಿನಾ?"

"ಕಾಲು."

"ಕಾಲಾ?"

"ಓಡೋ ಕಾಲು. ನೆಲ ಮುಟ್ಟೋ ಹೊತ್ತಿಗೆ ಸರಿಯಾಗಿ ನಿಂತುಬಿಡ್ಬೇಕು."

ಅಂಗಡಿಯವರು ಒಂದು ಗಳಿಗೆ ಯೋಚಿಸಿ, ತಾವು ಪೊಲೀಸ್ ಇಲಾಖೆಯವರಾ ಎಂದು ವಿನಯವಾಗಿ ವಿಚಾರಿಸಿದರು. ಕುದುರೆಯ ಸಂಗತಿ ಗೊತ್ತಾದ ಮೇಲೆ ಅತಿ ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾವನ್ನು ಮುಂದಿಟ್ಟರು. ಇದರಲ್ಲಿ ತೆಗೆದದ್ದನ್ನು ಗೋಡೆ ತುಂಬ ದೊಡ್ಡದು ಮಾಡಿ ಹಾಕಿಸಬಹುದು ಎಂದರು. ಗೋಡೆ ತುಂಬ ಕಾಲು ಹಾಕಿಸಿಕೊಂಡು ನಾನೇನು ಮಾಡಲಿ ಎಂದರು ಲಾಳದಕ್ಕ. ವಿಡಿಯೋ ಬರುತ್ತದೆ, ಪರದೆ ಮಡಚಬಹುದು, ಬಣ್ಣಗಳನ್ನು ಬೇಕಾದ ಹಾಗೆ ಬದಲಿಸಬಹುದು ಎಂದು ಅವರು ಹೇಳುತ್ತಲೇ ಹೋದರು. ಕಾಲಿನ ಮಾತು ಎಲ್ಲೋ ಬಿದ್ದುಹೋಯಿತು. ಕೊನೆಗೆ, ನಾಲ್ಕು ದಿನ ಇಟ್ಟುಕೊಂಡು ನೋಡಿ, ಬೇಡವಾದರೆ ವಾಪಸ್ ತನ್ನಿ ಎಂದು ಹೊಸ ಕ್ಯಾಮೆರಾ ಒಂದನ್ನು ಡಬ್ಬಿಯಲ್ಲೇ ಬರುವ ಗಿಡ್ಡ ಲೆನ್ಸಿನ ಸಮೇತ ಕೊಟ್ಟು ಕಳಿಸಿದರು.

ಮರುದಿನ ಬಿಸಿಲೇರುವ ಹೊತ್ತಿಗೆ ಲಾಳದಕ್ಕ ಮೈದಾನದ ಬೇಲಿಗೆ ಒತ್ತಿಕೊಂಡು ನಿಂತರು. ಜೀವಮಾನವೆಲ್ಲ ಕುದುರೆಯ ಕಾಲನ್ನು ಅವರು ನೋಡಿರುವುದೇ ಕೈಗೆಟುಕುವ ದೂರದಿಂದ. ದೂರ ನಿಂತು ಕಾಲು ನೋಡುವುದು ಅವರ ತಲೆಗೆ ಹೊಳೆಯಲೂ ಇಲ್ಲ. ದೊರೆಸಾನಿ ಹುಡುಗಿಯೊಬ್ಬಳನ್ನು ಹೊತ್ತು ದೌಡಾಯಿಸುತ್ತ ತಿರುವಿನಲ್ಲಿ ಬಂದಳು. ಲಾಳದಕ್ಕ ಕ್ಯಾಮೆರಾ ಕಣ್ಣಿಗಿಟ್ಟರು. ದೊರೆಸಾನಿ ಇವರನ್ನು ಕಂಡಳು, ಓಟ ನಿಲ್ಲಿಸಿದಳು, ನಡೆದುಕೊಂಡು ಬೇಲಿಯ ಬಳಿಗೆ ಬಂದಳು, ಪಕ್ಕಕ್ಕೆ ತಿರುಗಿ ಎಡ ಮುಂಗಾಲನ್ನು ಎತ್ತಿ ಹಿಡಿದು ನಿಂತಳು.

ಮೇಲಿದ್ದ ಹುಡುಗಿ ಮುಗ್ಗರಿಸಿ ಕುದುರೆಯ ಕುತ್ತಿಗೆಯನ್ನು ತಬ್ಬಿಕೊಂಡಳು. ಹಿಂದೆ ಬರುತ್ತಿದ್ದ ಕಂದು ಕುದುರೆಯೂ ನಿಂತಿತು, ಅದೂ ಕಾಲೆತ್ತಿತು. ಮೂರನೆಯದು ಜಾಗ ಸಾಲದೆ ಅವೆರಡರ ಹಿಂದೆ ಸರದಿಯಲ್ಲಿ ನಿಂತಿತು. ತಪ್ಪು ಕುದುರೆಗಳದ್ದಲ್ಲ. ಈ ಹೆಂಗಸು ಪಕ್ಕಕ್ಕೆ ಬಂದರೆ ಕಾಲೆತ್ತಬೇಕು ಎಂದು ಅವುಗಳಿಗೆ ಮರಿಯಿದ್ದಾಗಿನಿಂದ ಕಲಿಸಿದವರು ಇವರೇ.

ಮೇಷ್ಟ್ರು ಓಡಿ ಬಂದರು. "ಅಕ್ಕ, ನೀವು ಇಲ್ಲಿ ನಿಂತ್ರೆ ಇದು ಸವಾರಿ ಶಾಲೆ ಆಗಲ್ಲ, ಚಪ್ಪಲಿ ಅಂಗಡಿ ಆಗುತ್ತೆ. ದಯವಿಟ್ಟು ಹೋಗಿ."

ಲಾಳದಕ್ಕ ಬಿಡಲಿಲ್ಲ. ಮರುದಿನ ಚರ್ಮದ ಏಪ್ರನ್ ಕಳಚಿಟ್ಟು, ಗಂಡನ ಅಂಗಿ ತೊಟ್ಟು, ತಲೆಗೆ ಟವಲ್ ಸುತ್ತಿ, ನೀರಿನ ಡ್ರಮ್ಮಿನ ಹಿಂದೆ ಕೂತರು. ಗಾಳಿ ದಿಕ್ಕು ಬದಲಿಸಿತು. ದೊರೆಸಾನಿ ಮೂಗರಳಿಸಿ ಡ್ರಮ್ಮಿನ ಸುತ್ತ ಬಂದು, ಕೂತಿದ್ದವರ ಮುಂದೆ ಕಾಲೆತ್ತಿದಳು. ಮೂರನೆಯ ದಿನ ಮೈದಾನದ ಆಚೆ ಬದಿಗೆ, ನೀರಿನ ಟ್ಯಾಂಕಿನ ಬುಡಕ್ಕೆ ಹೋದರು. ಅಲ್ಲಿಂದ ದೊರೆಸಾನಿ ಇವರನ್ನು ಗುರುತಿಸಲಿಲ್ಲ. ಆದರೆ ಗಿಡ್ಡ ಲೆನ್ಸಿಗೂ ದೊರೆಸಾನಿಯ ಗುರುತು ಸಿಗಲಿಲ್ಲ. ಫೋಟೋದಲ್ಲಿ ದೊಡ್ಡ ಆಕಾಶ, ದೊಡ್ಡ ಮೈದಾನ, ನಡುವೆ ನೊಣದಷ್ಟು ಕುದುರೆ.

"ಅವತ್ತು ನನಗೆ ಅಳು ಬಂತು, ಸುಳ್ಳು ಯಾಕೆ ಹೇಳ್ಲಿ? ಭಟ್ಟಿಯವನು ಬರೋ ದಿನ ಹತ್ತಿರ ಆಗ್ತಿದೆ. ಎಲ್ಲರೂ ನನಗೆ ಪಾಠ ಹೇಳಿದಾರೆ. ಕುದುರೆ ನಿಮ್ಮನ್ನ ನೋಡಿ ಏನು ಮಾಡುತ್ತೆ ಅಂತ ಒಬ್ಬರೂ ಕೇಳ್ಲಿಲ್ಲ. ನನಗೂ ಹೊಳೀಲಿಲ್ಲ ಅನ್ನಿ."

ಕ್ಯಾಮೆರಾ ಹಿಂದಿರುಗಿಸಲು ಹೋದಾಗ ಅಂಗಡಿಯವರಿಗೆ ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿದರು. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಅಂಗಡಿ ತೆರೆದಾಗಿನಿಂದ ಯಾರಿಗೂ ಕೇಳಿರದ ಪ್ರಶ್ನೆ ಕೇಳಿದರು.

"ಎಷ್ಟು ದೂರ ಇದ್ರೆ ನಿಮ್ಮ ಗುರುತು ಹಿಡಿಯಲ್ಲ ಅದು?"

"ಮೈದಾನದ ಆಚೆ ತುದಿ. ಟ್ಯಾಂಕಿನ ಹತ್ರ."

"ಹಾಗಾದ್ರೆ ನಾವು ಉಲ್ಟಾ ಹೋಗಿದೀವಿ. ಮೊದಲು ಲೆನ್ಸ್ ಆರಿಸೋಣ. ಅದು ಆದ್ಮೇಲೆ ಮಿಕ್ಕಿದ್ದರಲ್ಲಿ ಯಾವ ಕ್ಯಾಮೆರಾ ಬರುತ್ತೋ ಅದು."

ಅಂಗಡಿಯವರು ಆಮೇಲೆ ಬೇಡದ್ದನ್ನೆಲ್ಲ ಮಾತಾಡುವುದು ಬಿಟ್ಟರು. ದೂರದ್ದನ್ನು ಹತ್ತಿರ ತರಬೇಕು, ಹೆಚ್ಚು ಬೆಳಕು ಒಳಗೆ ಬಿಡಬೇಕು, ಇವೆರಡೇ ಲೆನ್ಸಿನ ಲಕ್ಷಣ. ಕ್ಯಾಮೆರಾಕ್ಕೆ ಮೂರು ಲಕ್ಷಣ. ಓಡುವುದನ್ನು ಬೆನ್ನು ಹತ್ತಿ ಫೋಕಸ್ ಮಾಡಬೇಕು, ಗುಂಡಿ ಒತ್ತಿ ಹಿಡಿದರೆ ಪಟಪಟನೆ ಸಾಲಾಗಿ ತೆಗೆಯುತ್ತಿರಬೇಕು, ಒತ್ತಿದ ತಕ್ಷಣ ತೆಗೆಯಬೇಕು. ಇಷ್ಟು ಗುಣವಿರುವ ಹೊಸದು ಲಾಳದಕ್ಕನ ಕೈಗೆಟುಕುವಂತಿರಲಿಲ್ಲ. ಅಂಗಡಿಯವರು ಒಳಗಿನ ಕಪಾಟಿನಿಂದ ಹಳೆಯದೊಂದನ್ನು ತಂದರು. ಪತ್ರಿಕೆಯೊಂದಕ್ಕೆ ಆಟೋಟಗಳ ಫೋಟೋ ತೆಗೆಯುತ್ತಿದ್ದವರದಂತೆ. ಮೆಗಾಪಿಕ್ಸೆಲ್ ಕಡಿಮೆ, ತೂಕ ಜಾಸ್ತಿ, ಅಂದ ಸ್ವಲ್ಪವೂ ಇಲ್ಲ. ಕಣ್ಣಿಟ್ಟರೆ ಪರದೆಯ ಮೇಲಿನ ಚಿತ್ರವಲ್ಲ, ಕನ್ನಡಿಯಲ್ಲಿ ಎದುರಿನದೇ ನೇರವಾಗಿ ಕಾಣುತ್ತದೆ. ಲಾಳದಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿದರು. ಸುತ್ತಿಗೆ ಹಿಡಿದಂತೆಯೇ ಇತ್ತು.

ಮನೆಯಲ್ಲಿ ರಂಪವಾಯಿತು. ಲೆನ್ಸು ಅಷ್ಟು ದೊಡ್ಡದು ತೆಗೆದುಕೊಂಡು ಕ್ಯಾಮೆರಾ ಹಳೇ ಡಬ್ಬ ತಂದಿದ್ದೀಯಲ್ಲ ಎಂದು ತಮ್ಮ ಹಣೆ ಚಚ್ಚಿಕೊಂಡ. ಈ ಮಾಡೆಲ್ ಬಗ್ಗೆ ತಾವಿನ್ನೂ ಓದಿಯೇ ಇಲ್ಲ ಎಂದು ಯಜಮಾನರು ಮುಖ ಊದಿಸಿಕೊಂಡರು. ಲಾಳದಕ್ಕ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆಂದು ಕೆಲಸ ಸಲೀಸಾಯಿತು ಎಂದಲ್ಲ. ಟ್ಯಾಂಕಿನ ಬುಡದಿಂದ ಮೊದಲ ದಿನ ತೆಗೆದವೆಲ್ಲ ಅಲುಗಿಹೋಗಿದ್ದವು. ಶಟರನ್ನು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ನಿಧಾನ ಮಾಡಬೇಡಿ ಎಂದು ಅಂಗಡಿಯವರು ಹೇಳಿದ್ದನ್ನು ಮರೆತಿದ್ದರು. ಎರಡನೆಯ ದಿನ ಕಾಲು ಸ್ಪಷ್ಟವಾಗಿ ಬಂತು, ಆದರೆ ಒಂದೋ ಗಾಳಿಯಲ್ಲಿ, ಇಲ್ಲವೇ ಆಗಲೇ ನೆಲದಲ್ಲಿ ಊರಿಕೊಂಡು. ಬೇಕಾದ್ದು ನಡುವಿನದು. ಕಣ್ಣಿನಿಂದ ನೋಡಿ ಒತ್ತಿದರೆ ತಡವಾಗುತ್ತದೆ ಎಂದು ಅವರಿಗೆ ತಿಳಿಯಿತು. ಮೂರನೆಯ ದಿನ ನೋಡುವುದನ್ನು ಬಿಟ್ಟು ಕೇಳತೊಡಗಿದರು. ಗೊರಸಿನ ಸದ್ದಿನ ತಾಳ ಹಿಡಿದು, ಏಟಿಗೆ ಮೊದಲೇ ಸುತ್ತಿಗೆ ಎತ್ತುವ ಹಾಗೆ, ಸದ್ದಿಗೆ ಅರೆಗಳಿಗೆ ಮೊದಲೇ ಬೆರಳು ಒತ್ತಿದರು. ಕ್ಯಾಮೆರಾ ಪಟಪಟನೆ ಬಡಿದುಕೊಂಡಿತು.

ಆ ಸಂಜೆ ಟೈಲರಿಂಗ್ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ತಮ್ಮ ತನ್ನ ಲ್ಯಾಪ್‌ಟಾಪ್ ತೆರೆದ. ಒಂದಾದ ಮೇಲೊಂದು ಫೋಟೋ ಬಂತು. ಯಾವುದರಲ್ಲೂ ಕುದುರೆಗೆ ತಲೆ ಇಲ್ಲ, ಸವಾರರೂ ಇಲ್ಲ, ಹೊಟ್ಟೆಯ ಕೆಳಗಿನ ಭಾಗ ಮಾತ್ರ. "ಅಕ್ಕ, ಒಂದರಲ್ಲಾದ್ರೂ ಮುಖ ತೆಗೀಬಾರದಿತ್ತಾ?" ಎಂದು ತಮ್ಮ ನರಳಿದ. ಲಾಳದಕ್ಕ ಪರದೆಗೆ ಮುಖ ಹತ್ತಿರ ತಂದರು. ದೊರೆಸಾನಿಯ ಎಡ ಮುಂಗಾಲು ಮರಳು ಮುಟ್ಟುತ್ತಿರುವ ಚಿತ್ರವೊಂದು ಪರದೆಯ ಮೇಲಿತ್ತು. ಗೊರಸು ಸಮನಾಗಿ ಇಳಿದಿರಲಿಲ್ಲ. ಹೊರ ಅಂಚು ಮೊದಲು ನೆಲಕ್ಕೆ ತಾಗಿತ್ತು, ಒಳ ಅಂಚು ಇನ್ನೂ ಗಾಳಿಯಲ್ಲಿತ್ತು. ಓಟದ ಭಾರವೆಲ್ಲ ಆ ಒಂದು ಅಂಚಿನ ಮೇಲೆ. ಮುಂದಿನ ಚಿತ್ರವೂ ಹಾಗೇ, ಅದರ ಮುಂದಿನದೂ ಹಾಗೇ. ಬಲಗಾಲು ಮಾತ್ರ ಸರಿಯಾಗಿತ್ತು.

ಜೀನಿನಿಂದ ಹಾಗಾಗುವುದಿಲ್ಲ, ಮರಳಿನಿಂದಲೂ ಆಗುವುದಿಲ್ಲ. ಗೊರಸನ್ನು ಕತ್ತರಿಸುವಾಗ ಹೊರ ಅಂಚನ್ನು ಎತ್ತರ ಉಳಿಸಿದರೆ ಮಾತ್ರ ಹಾಗಾಗುತ್ತದೆ. ಆ ಗೊರಸನ್ನು ಕತ್ತರಿಸಿದವರು ಇಡೀ ಊರಿನಲ್ಲಿ ಒಬ್ಬರೇ.

"ಬಾಯಲ್ಲಿ ಮೊಳೆ ಇಲ್ಲದೆ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ನೋಡಿದ್ದು ಅದೇ ಮೊದಲು," ಎಂದು ಯಜಮಾನರು ನೆನೆಯುತ್ತಾರೆ. "ನನಗೆ ಹೆದರಿಕೆ ಆಯ್ತು."

ಆದರೆ ಲಾಳದಕ್ಕನಿಗೆ ನಂಬಿಕೆ ಬರಲಿಲ್ಲ. ಪ್ರತಿಸಲ ಗೊರಸನ್ನು ಕಣ್ಣಳತೆಯಲ್ಲಿ ಸಮ ಮಾಡಿಯೇ ಲಾಳ ಕೂರಿಸಿದ್ದಾರೆ. ಮರುದಿನ ಬೆಳಿಗ್ಗೆ ಗಂಡನ ಕೈಗೆ ಕ್ಯಾಮೆರಾ ಕೊಟ್ಟು ಲಾಯಕ್ಕೆ ಎಳೆದುಕೊಂಡು ಹೋದರು. ದೊರೆಸಾನಿಯ ಎಡ ಮುಂಗಾಲನ್ನು ಎಂದಿನಂತೆ ತೊಡೆಗಳ ನಡುವೆ ಹಿಡಿದರು. "ಎದುರಿಗೆ ನಿಂತು ತೆಗೀರಿ. ನಾನು, ಕುದುರೆ, ಎರಡೂ ಬರಬೇಕು." ಯಜಮಾನರು ಆದಷ್ಟು ಹಿಂದೆ ಹಿಂದೆ ಸರಿದು, ಒಂದು ಕಣ್ಣು ಕುದುರೆಯ ಮೇಲಿಟ್ಟು ಗುಂಡಿ ಒತ್ತಿದರು. ಅವರ ಬದುಕಿನಲ್ಲಿ ಇಷ್ಟು ಧೈರ್ಯದ ಕೆಲಸ ಇನ್ನೊಂದಿಲ್ಲ.

ಆ ಫೋಟೋದಲ್ಲಿ ಎಲ್ಲವೂ ಇತ್ತು. ಲಾಳದಕ್ಕನ ಬಲ ಮಂಡಿ ಒಂದು ವರ್ಷದಿಂದ ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ತಮಗೆ ತಾವೂ ಹೇಳಿಕೊಂಡಿರಲಿಲ್ಲ. ಎಡ ಮುಂಗಾಲು ಹಿಡಿದಾಗ ಭಾರ ಬೀಳುವುದು ಆ ಮಂಡಿಯ ಮೇಲೆಯೇ. ಅದನ್ನು ಕಾಪಾಡಿಕೊಳ್ಳಲು ಅವರ ಮೈ ತಾನಾಗಿಯೇ ಎಡಗಡೆಗೆ ವಾಲಿತ್ತು, ಜೊತೆಗೆ ಕುದುರೆಯ ಕಾಲನ್ನೂ ತನ್ನ ಕಡೆಗೆ ಎಳೆದುಕೊಂಡಿತ್ತು. ಓರೆಯಾಗಿ ಹಿಡಿದ ಗೊರಸನ್ನು ಅವರು ಅಚ್ಚುಕಟ್ಟಾಗಿ, ಕಣ್ಣಳತೆಯಲ್ಲಿ, ಓರೆಯಾಗಿಯೇ ಸಮ ಮಾಡುತ್ತ ಬಂದಿದ್ದರು. ಉಳಿದ ಕುದುರೆಗಳು ಅದನ್ನು ಸಹಿಸಿಕೊಂಡವು. ಎತ್ತರಕ್ಕೆ ಹಾರುವವಳು ದೊರೆಸಾನಿಯೊಬ್ಬಳೇ, ಅವಳು ಸಹಿಸಲಿಲ್ಲ.

"ಮೇಷ್ಟ್ರು ಹೇಳಿದ್ರು ವಯಸ್ಸಾಯ್ತು ಅಂತ. ಸರಿಯಾಗೇ ಹೇಳಿದ್ರು. ಯಾರಿಗೆ ಅನ್ನೋದೊಂದು ತಪ್ಪಾಗಿತ್ತು," ಎನ್ನುವಾಗ ಲಾಳದಕ್ಕ ನೆಲ ನೋಡುತ್ತಾರೆ. ಅವರಿಗೆ ತುಂಬ ನಾಚಿಕೆಯಾಗಿತ್ತು. ಕ್ಯಾಮೆರಾ ತಂದದ್ದು ಉಳಿದವರೆಲ್ಲರ ತಪ್ಪು ಹಿಡಿಯಲು.

ಅಂದೇ ಮೇಷ್ಟ್ರ ಕೋಣೆಗೆ ಹೋಗಿ ಎರಡೂ ಫೋಟೋ ತೋರಿಸಿದರು. ತಪ್ಪು ನನ್ನದು ಎಂದರು. ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟರು, ಹಿಂದೆ ಹೇಳಿದ್ದ ಮಾತಿನಂತೆ. ಮೇಷ್ಟ್ರು ಫೋಟೋಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಸುತ್ತಿಗೆಯನ್ನು ನೋಡಿದರು.

"ಅಕ್ಕ, ನನ್ನ ತಲೆ ತಿನ್ನಬೇಡಿ. ಇದನ್ನ ಇಲ್ಲಿಟ್ರೆ ಅವಳ ಕಾಲು ಸರಿಮಾಡೋರು ಯಾರು, ನಾನಾ? ಮೊದಲು ಅದನ್ನ ಸರಿಮಾಡಿ. ಆಮೇಲೆ ಏನು ಬೇಕೋ ಎಲ್ಲಿ ಬೇಕೋ ಕೆಳಗಿಡಿ."

ಭಾನುವಾರ ಬಂದ ಇಟ್ಟಿಗೆ ಭಟ್ಟಿಯವನನ್ನು ಮೇಷ್ಟ್ರು ಬಾಗಿಲಿನಿಂದಲೇ ಕಳಿಸಿಬಿಟ್ಟರು. ಲಾಳದಕ್ಕ ದೊರೆಸಾನಿಯ ಗೊರಸನ್ನು ಒಂದೇ ಸಲ ಕತ್ತರಿಸಲಿಲ್ಲ. ಬೆಳೆದಂತೆ ಬೆಳೆದಂತೆ ಸ್ವಲ್ಪ ಸ್ವಲ್ಪವೇ ತಿದ್ದಿದರು, ಪ್ರತಿಸಲವೂ ಟ್ಯಾಂಕಿನ ಬುಡದಿಂದ ಫೋಟೋ ತೆಗೆದು ನೋಡಿದರು. ಕಾಲನ್ನು ತೊಡೆಯಲ್ಲಿ ಹಿಡಿಯುವ ಬದಲು ಕಬ್ಬಿಣದ ಮುಕ್ಕಾಲಿಯೊಂದರ ಮೇಲೆ ಇಡುವ ಪದ್ಧತಿ ಇದೆ. ಸೋಮಾರಿಗಳ ಕೆಲಸ ಎಂದು ಇವರು ಮೂಗು ಮುರಿಯುತ್ತಿದ್ದರು. ಈಗ ಎಡ ಮುಂಗಾಲುಗಳಿಗೆಲ್ಲ ಅದನ್ನೇ ಬಳಸುತ್ತಾರೆ. ಮಂಡಿಯ ದಿಂಬು ಯಜಮಾನರು ಹೊಲಿದುಕೊಟ್ಟದ್ದು, ಯಾರದೋ ಕಿಟಕಿಯ ಪರದೆ ಹೊಲಿದು ಮಿಕ್ಕ ಬಟ್ಟೆಯಿಂದ. ಹೂವು ಬೇಡ ಎಂದು ಲಾಳದಕ್ಕ ಎಷ್ಟು ಹೇಳಿದರೂ ಅವರು ಕೇಳಲಿಲ್ಲ.

ಸೂರ್ಯ ಮೇಲೇರಿದ್ದಾನೆ. ಕಂದು ಕುದುರೆಯ ನಾಲ್ಕೂ ಕಾಲು ಮುಗಿದಿವೆ. ಲಾಳದಕ್ಕ ಕೈ ತೊಳೆದು, ಕೊನೆಯ ಗೂಟದಿಂದ ಕ್ಯಾಮೆರಾ ಇಳಿಸಿ ಕುತ್ತಿಗೆಗೆ ಹಾಕಿಕೊಂಡು ಮೈದಾನದ ಕಡೆಗೆ ನಡೆಯುತ್ತಾರೆ. ಎಲ್ಲ ಕುದುರೆಗಳ ಓಟವನ್ನೂ ಈಗ ತಿಂಗಳಿಗೊಮ್ಮೆ ಹೀಗೆ ತೆಗೆದು ನೋಡುತ್ತಾರೆ. ಡಾಕ್ಟರೂ ಆ ಫೋಟೋಗಳನ್ನು ಕೇಳಿ ಪಡೆಯುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾರೆ.

"ದೊರೆಸಾನಿದು ತಲೆ ಸಮೇತ ಒಂದು ಫೋಟೋ ತೆಗೀಬೇಕು, ಹತ್ತಿರದಿಂದ, ಓಡ್ತಾ ಇರೋದು. ನನ್ನ ಪಕ್ಕದಲ್ಲೇ ಹಾದು, ನನ್ನ ನೋಡಿದ್ರೂ ನಿಲ್ಲದೆ ಹೋಗಬೇಕು ಅವಳು. ಅಷ್ಟೇ."

ಇಂದು ಟ್ಯಾಂಕಿನ ಕಡೆಗೆ ಹೋಗುವುದಿಲ್ಲ. ಬೇಲಿಯ ಬಳಿಯೇ ನಿಲ್ಲುತ್ತಾರೆ. ಅತ್ತ ಕಡೆ ದೊರೆಸಾನಿ ಅಡ್ಡಗಂಬವೊಂದನ್ನು ಹಗುರವಾಗಿ ದಾಟಿ, ತಿರುವು ತೆಗೆದುಕೊಂಡು, ಮರಳು ಹಾರಿಸುತ್ತ ಇತ್ತ ಬರುತ್ತಾಳೆ. ಲಾಳದಕ್ಕ ಕ್ಯಾಮೆರಾ ಕಣ್ಣಿಗಿಡುತ್ತಾರೆ. ಕುದುರೆಯ ಕಿವಿ ನಿಮಿರುತ್ತದೆ. ಓಟ ನಡಿಗೆಯಾಗುತ್ತದೆ. ದೂರದಲ್ಲಿ ಮೇಷ್ಟ್ರು ಎರಡೂ ಕೈ ಆಕಾಶಕ್ಕೆತ್ತಿ ಏನೋ ಕೂಗುತ್ತಾರೆ. ದೊರೆಸಾನಿ ಬೇಲಿಗೆ ಮೈಯೊತ್ತಿ ನಿಂತು ಎಡ ಮುಂಗಾಲನ್ನು ಎತ್ತಿ ಹಿಡಿಯುತ್ತಾಳೆ.

ಲಾಳದಕ್ಕ ನಿಟ್ಟುಸಿರು ಬಿಟ್ಟು ಕ್ಯಾಮೆರಾ ಇಳಿಸುತ್ತಾರೆ. ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಗೊರಸನ್ನು ಹಿಡಿದು, ಅಂಟಿದ ಮರಳು ಒರೆಸಿ, ಹೊರ ಅಂಚಿನಿಂದ ಒಳ ಅಂಚಿನವರೆಗೆ ಹೆಬ್ಬೆರಳು ಆಡಿಸುತ್ತಾರೆ. ಇನ್ನೊಮ್ಮೆ ಆಡಿಸುತ್ತಾರೆ. ಕಾಲನ್ನು ಮೆಲ್ಲಗೆ ನೆಲಕ್ಕಿಳಿಸುತ್ತಾರೆ.

"ಎಲ್ಲ ಸರಿಯಾಗಿದೆ ಕಣೇ," ಎನ್ನುತ್ತಾರೆ ಅವಳಿಗೆ. "ಮಾಡೋಕೆ ಏನೂ ಉಳಿದಿಲ್ಲ. ಹೋಗು, ಓಡು."